ಗಣಕಯಂತ್ರದ ದಾರಿಬುತ್ತಿ

ಗಣಕಯಂತ್ರದ ಗುಂಡಿಯನ್ನೊತ್ತಿದ ಕ್ಷಣದಿಂದ ಅದರ ತೆರೆಯ ಮೇಲೆ ನಮ್ಮ ಹೆಸರನ್ನು ಕೇಳುವ ಪುಟ ಮೂಡುವವರೆಗೆ ಹತ್ತಿಪ್ಪತ್ತು ಸೆಕೆಂಡುಗಳು ಕಳೆಯುತ್ತವೆ. ಆ ಅವಕಾಶದಲ್ಲಿ ನಮ್ಮಲ್ಲಿ ಹೆಚ್ಚಿನವರು ಕಿಟಕಿಯಾಚೆ ನೋಡುವರು, ಇಲ್ಲವೆ ಕಾಫಿಯ ಲೋಟಕ್ಕೆ ಕೈನೀಡುವರು. ಯಂತ್ರದೊಳಗೆ ಮಾತ್ರ ಅಷ್ಟರಲ್ಲಿ ಒಂದು ವಿಚಿತ್ರವಾದ ಇಕ್ಕಟ್ಟು ಹುಟ್ಟಿ, ಬಗೆಹರಿದು, ತನ್ನ ಕುರುಹನ್ನೂ ಉಳಿಸದೆ ಮಾಯವಾಗಿರುತ್ತದೆ. ಬಗೆಹರಿಯದೆ ಹೋದ ದಿನವೇ ಅದರ ಇರವು ನಮಗೆ ತಿಳಿಯುವುದು. ಕಪ್ಪು ತೆರೆ, ನಾಲ್ಕು ಸಾಲು ಆಂಗ್ಲ ಬರಹ, ಮುಂದೆ ಏನೂ ಇಲ್ಲ. ಡಿಸ್ಕಿನಲ್ಲಿರುವ ಪಾಠದ ಟಿಪ್ಪಣಿಗಳು, ಲೆಕ್ಕಪತ್ರಗಳು, ವರ್ಷಗಳ ದುಡಿಮೆ ಎಲ್ಲವೂ ಕ್ಷೇಮವಾಗಿಯೇ ಇವೆ; ಆದರೆ ಬಾಗಿಲು ತೆರೆಯದು. ಈ ಬಾಗಿಲಿನ ಸಂಗತಿಯನ್ನು ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ಇಟ್ಟು ನೋಡೋಣ. ಅಲ್ಲಿ ಬಾಗಿಲಿನ ಮರ, ಚಿಲಕ, ಮೊಳೆಗಳೆಲ್ಲವೂ ಎಲ್ಲರ ಕಣ್ಣಿಗೆ ಕಾಣುವಂತೆ ತೆರೆದಿಟ್ಟಿವೆ.

ಲಿನಕ್ಸ್ ವ್ಯವಸ್ಥೆಯ ಹೃದಯಭಾಗಕ್ಕೆ ಕರ್ನೆಲ್ ಎಂದು ಹೆಸರು. ಕಾಳಿನೊಳಗಿನ ತಿರುಳು ಎಂಬುದೇ ಆ ಮಾತಿನ ಅರ್ಥ. ಯಂತ್ರವು ಎಚ್ಚರಗೊಂಡೊಡನೆ ಬೂಟ್‌ಲೋಡರ್ ಎಂಬ ಪುಟ್ಟ ಕ್ರಮವಿಧಿಯು ಈ ಕರ್ನೆಲನ್ನು ಡಿಸ್ಕಿನಿಂದ ಎತ್ತಿ ತಂದು ಸ್ಮೃತಿಯಲ್ಲಿ ಇಳಿಸಿ, ಇನ್ನು ನೀನುಂಟು ನಿನ್ನ ಯಂತ್ರವುಂಟು ಎಂದು ಅಧಿಕಾರವನ್ನು ಒಪ್ಪಿಸಿ ಹೊರಟುಹೋಗುತ್ತದೆ. ಕರ್ನೆಲಿನ ಮುಂದಿರುವ ಮುಖ್ಯ ಕರ್ತವ್ಯವೆಂದರೆ ಡಿಸ್ಕಿನ ಮೇಲಿರುವ ಮೂಲ ಕಡತವ್ಯವಸ್ಥೆಯನ್ನು ತೆರೆಯುವುದು. ಉಳಿದ ಸಮಸ್ತವೂ ಅಲ್ಲಿಯೇ ಇದೆ. ಆದರೆ ಆ ಡಿಸ್ಕಿನೊಡನೆ ವ್ಯವಹರಿಸಲು ಅದಕ್ಕೆ ತಕ್ಕ ಡ್ರೈವರ್ ಬೇಕು. ಆ ಡ್ರೈವರ್ ಎಲ್ಲಿದೆ? ಅದೇ ಡಿಸ್ಕಿನ ಮೇಲೆ ಒಂದು ಕಡತವಾಗಿ ಕುಳಿತಿದೆ! ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆ ಇಂಥ ಸಂದರ್ಭಕ್ಕಾಗಿಯೇ ಹುಟ್ಟಿತೋ ಎಂಬಂತಿದೆ.

ಚುರುಕಾದ ವಿದ್ಯಾರ್ಥಿಯೊಬ್ಬನು ಇಲ್ಲಿ ಅಡ್ಡಬಂದು, ಹಾಗಾದರೆ ಬೂಟ್‌ಲೋಡರಿಗೆ ಡಿಸ್ಕನ್ನು ಓದುವುದು ಹೇಗೆ ಸಾಧ್ಯವಾಯಿತು ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ. ಯಂತ್ರದ ಫಲಕದ ಮೇಲಿನ ಚಿಪ್ಪಿನಲ್ಲಿಯೇ ಫರ್ಮ್‌ವೇರ್ ಎಂಬ ಸ್ಥಿರವಾದ ಬರಹವಿರುತ್ತದೆ. ಬೂಟ್‌ಲೋಡರು ಅದರ ಕೈ ಹಿಡಿದು ನಡೆಯುತ್ತದೆ. ಕರ್ನೆಲ್ ಮಾತ್ರ ಅಧಿಕಾರ ವಹಿಸಿಕೊಂಡ ಮೇಲೆ ಡಿಸ್ಕಿನ ಓದುಬರಹಕ್ಕೆ ಆ ಕೈಯನ್ನು ಹಿಡಿಯುವುದಿಲ್ಲ. ತನ್ನ ಡ್ರೈವರುಗಳಿಂದಲೇ ಕೆಲಸ ಸಾಗಿಸುತ್ತದೆ.

ಎಲ್ಲ ಡ್ರೈವರುಗಳನ್ನೂ ಕರ್ನೆಲಿನೊಳಗೇ ಹೊಲಿದುಬಿಟ್ಟರೆ ಆಗದೆ? ಒಂದೇ ಯಂತ್ರಕ್ಕಾಗಿ ಕರ್ನೆಲನ್ನು ಕಟ್ಟಿಕೊಳ್ಳುವವರು ಹಾಗೆಯೇ ಮಾಡುವುದುಂಟು. ಆದರೆ ಡೆಬಿಯನ್, ಫೆಡೋರಾ ಮೊದಲಾದ ವಿತರಣೆಗಳು ಹಂಚುವ ಕರ್ನೆಲ್ ಊರಿನ ಎಲ್ಲ ಯಂತ್ರಗಳಲ್ಲಿಯೂ ನಡೆಯಬೇಕು. ಅದಕ್ಕೆ ಸೇರಿದ ಡ್ರೈವರುಗಳು ಸಾವಿರಗಟ್ಟಲೆ. ಇದಲ್ಲದೆ ಕೆಲವು ಕೆಲಸಗಳು ಡ್ರೈವರಿನಿಂದ ಆಗತಕ್ಕವಲ್ಲ. ಡಿಸ್ಕು ಗುಪ್ತಲಿಪಿಯಲ್ಲಿದ್ದರೆ ಒಡೆಯನಿಂದ ಗುಟ್ಟಿನ ಮಾತನ್ನು ಕೇಳಿ ಪಡೆಯಬೇಕು; ಒಂದೇ ಕಡತವ್ಯವಸ್ಥೆಯು ನಾಲ್ಕು ಡಿಸ್ಕುಗಳ ಮೇಲೆ ಹರಡಿದ್ದರೆ ಅವನ್ನು ಕೂಡಿಸಿ ಕಟ್ಟಬೇಕು; ಅದು ಬೇರೆಲ್ಲೋ ಇರುವ ಯಂತ್ರದಲ್ಲಿದ್ದರೆ ಮೊದಲು ಜಾಲದ ಸಂಪರ್ಕ ಸಾಧಿಸಬೇಕು. ಇವೆಲ್ಲ ಸಾಮಾನ್ಯ ಕ್ರಮವಿಧಿಗಳು ಮಾಡುವ ಕೆಲಸ.

ನಮ್ಮ ಹಿರಿಯರು ದೂರದ ಊರಿಗೆ ಹೊರಡುವಾಗ ಬುತ್ತಿ ಕಟ್ಟಿಕೊಳ್ಳುತ್ತಿದ್ದರು. ಇಡೀ ಮನೆಯ ಉಗ್ರಾಣವನ್ನು ಹೊತ್ತೊಯ್ಯುತ್ತಿರಲಿಲ್ಲ. ತಲುಪುವವರೆಗೆ ಸಾಕಾಗುವಷ್ಟು ಅವಲಕ್ಕಿ, ಮೊಸರನ್ನ, ಒಂದು ಚೊಂಬು ನೀರು. ಲಿನಕ್ಸಿನವರು ಕಂಡುಕೊಂಡ ಪರಿಹಾರವೂ ಇದೇ. ಡಿಸ್ಕನ್ನು ತಲುಪುವುದಕ್ಕೆ ಬೇಕಾದಷ್ಟೇ ಡ್ರೈವರುಗಳನ್ನೂ ಸಣ್ಣಪುಟ್ಟ ಕ್ರಮವಿಧಿಗಳನ್ನೂ ಒಂದು ಗಂಟಾಗಿ ಕಟ್ಟಿ, ಕರ್ನೆಲಿನ ಪಕ್ಕದಲ್ಲಿಯೇ ಇಟ್ಟಿರುತ್ತಾರೆ. ಬೂಟ್‌ಲೋಡರು ಕರ್ನೆಲಿನೊಡನೆ ಈ ಗಂಟನ್ನೂ ಸ್ಮೃತಿಗೆ ತರುತ್ತದೆ. ಗಂಟಿನ ಹೆಸರು ಇನಿಟ್‌ರಾಮ್‌ಎಫ್‌ಎಸ್. ಸ್ಮೃತಿಯಲ್ಲಿ ಬಾಳುವ ಆರಂಭದ ಕಡತವ್ಯವಸ್ಥೆ ಎಂದು ತಿಳಿದರೆ ಸಾಕು.

ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ ೧೯೯೧ರಲ್ಲಿ ಲಿನಕ್ಸನ್ನು ಹೊರತಂದಾಗ ಇಂಥ ಗಂಟು ಇರಲಿಲ್ಲ. ಮೂಲವು ಯಾವ ಡಿಸ್ಕಿನಲ್ಲಿದೆ ಎಂಬುದನ್ನು ಕರ್ನೆಲಿನೊಳಗೇ ನಮೂದಿಸುತ್ತಿದ್ದರು. ೧೯೯೬ರ ಸುಮಾರಿಗೆ ವೆರ್ನರ್ ಆಲ್ಮೆಸ್‌ಬರ್ಗರ್ ಮತ್ತು ಹಾನ್ಸ್ ಲೆರ್ಮೆನ್ ಎಂಬವರು ಇನಿಟ್‌ಆರ್‌ಡಿ ಎಂಬ ಏರ್ಪಾಟನ್ನು ವಿವರಿಸಿ ಬರೆದರು. ಅದರಲ್ಲಿ ಸ್ಮೃತಿಯ ಒಂದು ಭಾಗವನ್ನೇ ಡಿಸ್ಕೆಂದು ನಟಿಸುವಂತೆ ಮಾಡಿ, ಅದರ ಮೇಲೆ ನಿಜವಾದ ಕಡತವ್ಯವಸ್ಥೆಯೊಂದನ್ನು ಹೂಡುತ್ತಿದ್ದರು. ಉಪಾಯ ಚೆನ್ನಾಗಿಯೇ ಇದ್ದರೂ ದುಂದು ಹೆಚ್ಚು. ಈ ಹುಸಿ ಡಿಸ್ಕಿನ ಗಾತ್ರವನ್ನು ಮೊದಲೇ ಗೊತ್ತುಮಾಡಬೇಕು. ಅದರ ಮೇಲಿನ ಕಡತವನ್ನು ಓದಿದಾಗ ಕರ್ನೆಲು ರೂಢಿಯಂತೆ ಇನ್ನೊಂದು ಪ್ರತಿಯನ್ನು ಸ್ಮೃತಿಯಲ್ಲಿಯೇ ಮಾಡಿಟ್ಟುಕೊಳ್ಳುವುದು. ಹಾಲನ್ನು ಒಂದು ತಪ್ಪಲೆಯಿಂದ ಇನ್ನೊಂದಕ್ಕೆ ಸುರಿದು ಎರಡು ತಪ್ಪಲೆ ತುಂಬಿತೆಂದಂತೆ! ೨೦೦೨ರಲ್ಲಿ ಕರ್ನೆಲಿನ ಅಭಿವೃದ್ಧಿ ಶಾಖೆಯೊಳಗೆ ಇನಿಟ್‌ರಾಮ್‌ಎಫ್‌ಎಸ್ ಬಂದು ಸೇರಿ, ೨೦೦೩ರ ಡಿಸೆಂಬರಿನಲ್ಲಿ ಹೊರಬಿದ್ದ ೨.೬ನೆಯ ಕರ್ನೆಲಿನೊಡನೆ ಎಲ್ಲರ ಕೈಗೂ ದೊರೆಯಿತು. ಇದರಲ್ಲಿ ಹುಸಿ ಡಿಸ್ಕಿಲ್ಲ. ಕಡತಗಳ ಕಟ್ಟನ್ನು ನೇರವಾಗಿ ಸ್ಮೃತಿಯಲ್ಲಿ ಬಿಚ್ಚಿ ಹರಡುವುದಷ್ಟೆ.

ಕಟ್ಟುವ ವಿಧಾನಕ್ಕೆ ಆರಿಸಿಕೊಂಡದ್ದು ಸೀಪಿಐಓ ಎಂಬ ಹಳೆಯ ಪದ್ಧತಿ. ೧೯೭೦ರ ದಶಕದಲ್ಲಿ ಅಮೆರಿಕದ ಎ.ಟಿ. ಅಂಡ್ ಟಿ. ಸಂಸ್ಥೆಯಲ್ಲಿ ಯೂನಿಕ್ಸಿಗಾಗಿ ಹುಟ್ಟಿದ ಇದು ಬಳಕೆಯಲ್ಲಿ ಹಿಂದೆ ಬಿದ್ದಿತ್ತು. ಆದರೆ ಬಿಚ್ಚುವುದು ಬಹಳ ಸುಲಭ. ಕರ್ನೆಲಿನಂಥ ಜಿಪುಣನಿಗೆ ಅದೇ ದೊಡ್ಡ ಗುಣ. ಪ್ರತಿಯೊಂದು ಕಡತದ ಮುಂದೆಯೂ ೧೧೦ ಅಕ್ಷರಗಳ ಒಂದು ಚೀಟಿ. ಮೊದಲ ಆರು ಅಕ್ಷರಗಳು ೦೭೦೭೦೧ ಎಂಬ ಗುರುತು. ಆಮೇಲೆ ಎಂಟೆಂಟು ಅಂಕಗಳ ೧೩ ಸಂಖ್ಯೆಗಳು, ಅಂದರೆ ಕಡತದ ಅಳತೆ, ಒಡೆತನ, ಕಾಲ, ಹೆಸರಿನ ಉದ್ದ ಇತ್ಯಾದಿ. ಚೀಟಿಯ ಹಿಂದೆ ಹೆಸರು, ಹೆಸರಿನ ಹಿಂದೆ ಸರಕು. ಗಂಟು ಮುಗಿಯಿತೆಂದು ತಿಳಿಸಲು ಕೊನೆಯಲ್ಲಿ ಟ್ರೈಲರ್ ಎಂಬ ಹೆಸರೂ ಮೂರು ಉದ್ಗಾರ ಚಿಹ್ನೆಗಳೂ ಇರುವ ಒಂದು ಖಾಲಿ ಚೀಟಿ. ಮೂರು ಉದ್ಗಾರ ಚಿಹ್ನೆಗಳೇಕೆಂದರೆ, ಆ ಹೆಸರಿನ ನಿಜವಾದ ಕಡತವನ್ನು ಯಾರೂ ಇಡಲಾರರೆಂಬ ನಂಬಿಕೆಯಿರಬೇಕು.

ಬುತ್ತಿಯನ್ನು ಬಳಕೆದಾರನು ತನ್ನ ಕೈಯಿಂದ ಕಟ್ಟುವುದಿಲ್ಲ. ಅದಕ್ಕಾಗಿಯೇ ಉಪಕರಣಗಳುಂಟು: ಡೆಬಿಯನ್ ಬಳಗದಲ್ಲಿ ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್, ಆರ್ಚ್ ವಿತರಣೆಯಲ್ಲಿ ಎಂಕೆಇನಿಟ್‌ಸೀಪಿಐಓ, ಫೆಡೋರಾದಲ್ಲಿ ೨೦೦೯ರಿಂದ ಡ್ರೇಕಟ್. ಈ ಕೊನೆಯದು ಅಮೆರಿಕದ ಮ್ಯಾಸಚೂಸೆಟ್ಸಿನ ಒಂದು ಊರಿನ ಹೆಸರು. ಹೊಸ ಕರ್ನೆಲ್ ಬಂದಾಗಲೆಲ್ಲ ಈ ಉಪಕರಣ ತಾನಾಗಿಯೇ ನಡೆದು ಹೊಸ ಗಂಟನ್ನು ಕಟ್ಟಿಡುತ್ತದೆ. ಗಂಟಿನಲ್ಲಿ ಏನಾದರೂ ಬಿಟ್ಟುಹೋದರೆ ಅದು ಆ ಹೊತ್ತಿನಲ್ಲಿ ಗೊತ್ತಾಗುವುದಿಲ್ಲ. ದಿನಗಳೋ ವಾರಗಳೋ ಕಳೆದು ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ನಡುದಾರಿಯಲ್ಲಿ ಗಂಟು ಬಿಚ್ಚಿ ನೋಡಿದರೆ ಉಪ್ಪಿಲ್ಲ! ಈ ಉಪಕರಣಗಳ ದೋಷಗಳನ್ನು ತಿದ್ದುವವರು ಬೇರೆ ಕ್ರಮವಿಧಿಕಾರರಿಗಿಂತ ಹೆಚ್ಚು ಅಂಜಿಕೆಯಿಂದ ನಡೆಯುವುದಕ್ಕೆ ಕಾರಣ ಇದೇ. ಬರವಣಿಗೆಯ ಕ್ರಮವಿಧಿ ಕೆಟ್ಟರೆ ಒಂದು ಪತ್ರ ಕೆಟ್ಟಿತು. ಇದು ಕೆಟ್ಟರೆ ತಿದ್ದುವುದಕ್ಕೆ ಬೇಕಾದ ಯಂತ್ರವೇ ಏಳುವುದಿಲ್ಲ.

ಕಾಣದ ಅವಲಂಬನೆ

ಗಂಟಿಗೆ ಒಂದು ಕ್ರಮವಿಧಿಯನ್ನು ಸೇರಿಸಬೇಕಾದರೆ ಅದು ನೆಚ್ಚಿಕೊಂಡಿರುವ ಲೈಬ್ರರಿಗಳನ್ನೂ ಸೇರಿಸಬೇಕಷ್ಟೆ. ಅವು ಯಾವುವೆಂದು ತಿಳಿಯಲು ಎಲ್‌ಡಿಡಿ ಎಂಬ ಸಾಧನವಿದೆ. ಕ್ರಮವಿಧಿಯು ತನ್ನ ಹಣೆಯಲ್ಲಿ ಬರೆದುಕೊಂಡಿರುವ ಲೈಬ್ರರಿಗಳ ಪಟ್ಟಿಯನ್ನು ಅದು ಓದಿ ಹೇಳುತ್ತದೆ. ಆದರೆ ಹಣೆಯಲ್ಲಿ ಬರೆಯದ ಅವಲಂಬನೆಗಳೂ ಉಂಟು. ಕ್ರಮವಿಧಿ ನಡೆಯುತ್ತಿರುವಾಗ ಹಠಾತ್ತಾಗಿ, ಇಂಥ ಲೈಬ್ರರಿ ಈಗ ಬೇಕು ಎಂದು ಕೇಳಿದರೆ? ಎಲ್‌ಡಿಡಿಗೆ ಅದು ತಿಳಿಯುವ ಮಾರ್ಗವಿಲ್ಲ.

ಈ ಬಿರುಕಿನಲ್ಲಿ ಬಿದ್ದ ಒಂದು ದೋಷವನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ಗುಪ್ತಲಿಪಿಯ ಡಿಸ್ಕನ್ನು ತೆರೆಯುವ ಕೆಲಸ ಕ್ರಿಪ್ಟ್‌ಸೆಟಪ್ ಎಂಬ ಕ್ರಮವಿಧಿಯದು. ೨೦೧೭ರ ಡಿಸೆಂಬರಿನಲ್ಲಿ ಬಂದ ಅದರ ಎರಡನೆಯ ಆವೃತ್ತಿಯು ಗುಟ್ಟಿನ ಮಾತನ್ನು ಕೀಲಿಯಾಗಿ ಪರಿವರ್ತಿಸಲು ಆರ್ಗಾನ್-೨ ಎಂಬ ವಿಧಾನವನ್ನು ಬಳಕೆಗೆ ತಂದಿತು. ೨೦೧೫ರಲ್ಲಿ ಇಂಥ ವಿಧಾನಗಳ ಸ್ಪರ್ಧೆಯೊಂದರಲ್ಲಿ ಗೆದ್ದದ್ದು ಇದು. ಕಳ್ಳನು ಕೋಟಿಗಟ್ಟಲೆ ಪದಗಳನ್ನು ಒಂದೊಂದಾಗಿ ಪ್ರಯೋಗಿಸಿ ನೋಡದಂತೆ, ಆರ್ಗಾನ್ ಬೇಕೆಂದೇ ಹೆಚ್ಚು ಸ್ಮೃತಿಯನ್ನು ತಿನ್ನುತ್ತದೆ. ಲೆಕ್ಕವನ್ನು ಹಲವು ಎಳೆಗಳಾಗಿ ಹಂಚಿ ಒಟ್ಟಿಗೆ ನಡೆಸುತ್ತದೆ. ಒಂದು ಎಳೆಯ ಕೆಲಸ ಮುಗಿದು ಅದು ಬೀಳ್ಕೊಳ್ಳುವಾಗ ತಾನು ಹರಡಿದ ಸಾಮಾನುಗಳನ್ನು ಮಡಿಸಿ ಹೋಗಬೇಕು. ಆ ಮಡಿಸುವ ವಿದ್ಯೆ ಇರುವುದು ಲಿಬ್‌ಜಿಸಿಸಿ ಎಂಬ ಇನ್ನೊಂದು ಲೈಬ್ರರಿಯಲ್ಲಿ. ವ್ಯವಸ್ಥೆಯ ಮುಖ್ಯ ಲೈಬ್ರರಿಯಾದ ಜಿಲಿಬ್‌ಸಿಯು ಅದನ್ನು ಮೊದಲೇ ಕರೆದಿಟ್ಟುಕೊಳ್ಳುವುದಿಲ್ಲ. ಮಡಿಸುವ ಹೊತ್ತು ಬಂದಾಗ ಕೂಗಿ ಕರೆಯುತ್ತದೆ.

ಗಂಟಿನೊಳಗೆ ಲಿಬ್‌ಜಿಸಿಸಿ ಇಲ್ಲದಿದ್ದರೆ ಆಗುವುದೇನು? ಯಂತ್ರ ಏಳುತ್ತದೆ, ಗುಟ್ಟಿನ ಮಾತನ್ನು ಕೇಳುತ್ತದೆ, ಒಡೆಯನು ಸರಿಯಾದ ಮಾತನ್ನೇ ಬರೆಯುತ್ತಾನೆ, ಲೆಕ್ಕವೂ ಸರಿಯಾಗಿ ನಡೆಯುತ್ತದೆ. ಇನ್ನೇನು ಬಾಗಿಲು ತೆರೆಯಬೇಕು ಎನ್ನುವಾಗ ಎಳೆಯೊಂದು ಬೀಳ್ಕೊಡುಗೆ ಕೇಳಿ, ಕರೆದ ಲೈಬ್ರರಿ ಸಿಕ್ಕದೆ, ಇಡೀ ಕ್ರಮವಿಧಿ ಅಲ್ಲಿಯೇ ಕುಸಿದುಬೀಳುತ್ತದೆ. ಮತ್ತೆ ಗುಟ್ಟಿನ ಮಾತಿಗಾಗಿ ಪ್ರಶ್ನೆ. ತಾನು ಬರೆದುದೇ ತಪ್ಪೋ, ಡಿಸ್ಕೇ ಕೆಟ್ಟಿತೋ ಎಂದು ಒಡೆಯನು ಕಂಗೆಡುವುದು ಸಹಜ. ಗುಪ್ತಲಿಪಿಯ ಡಿಸ್ಕಿನ ಕೀಲಿ ಹೋಯಿತೆಂದರೆ ಅದರೊಳಗಿನ ಬರಹ ಹೋಯಿತೆಂದೇ ಅರ್ಥವಲ್ಲವೆ? ಆದರೆ ಇಲ್ಲಿ ಕೀಲಿಯೂ ಸರಿ, ಬೀಗವೂ ಸರಿ, ಕೊರತೆಯಿದ್ದದ್ದು ಒಂದು ಕಡತ ಮಾತ್ರ.

ಡೆಬಿಯನ್ನಿನವರು ಇದಕ್ಕೊಂದು ಮದ್ದು ಅರೆದರು. ಎಳೆಗಳನ್ನು ಬಳಸುವ ಕ್ರಮವಿಧಿಗಳೆಲ್ಲ ಲಿಬ್‌ಪಿಥ್ರೆಡ್ ಎಂಬ ಲೈಬ್ರರಿಯನ್ನು ಹಣೆಯಲ್ಲಿ ಬರೆದುಕೊಂಡಿರುತ್ತಿದ್ದವು. ಆದ್ದರಿಂದ, ಎಲ್‌ಡಿಡಿಯ ಪಟ್ಟಿಯಲ್ಲಿ ಆ ಹೆಸರು ಕಂಡೊಡನೆ ಲಿಬ್‌ಜಿಸಿಸಿಯನ್ನೂ ಕೇಳದೆಯೇ ಗಂಟಿಗೆ ಹಾಕು ಎಂದು ಉಪಕರಣಕ್ಕೆ ಕಲಿಸಿದರು. ಹೊಗೆ ಕಂಡಲ್ಲಿ ಬೆಂಕಿಯುಂಟೆಂಬ ತರ್ಕ. ಅದು ಫಲಿಸಿತು ಕೂಡ. ಆದರೆ ೨೦೨೧ರ ಆಗಸ್ಟಿನಲ್ಲಿ ಜಿಲಿಬ್‌ಸಿಯ ೨.೩೪ನೆಯ ಆವೃತ್ತಿ ಬಂದಿತು. ಅದರಲ್ಲಿ ಲಿಬ್‌ಪಿಥ್ರೆಡ್ಡನ್ನು ಪ್ರತ್ಯೇಕವಾಗಿ ಇಡುವುದನ್ನು ಬಿಟ್ಟು ಮುಖ್ಯ ಲೈಬ್ರರಿಯೊಳಗೇ ಕರಗಿಸಿದರು. ಆ ಬದಲಾವಣೆ ತನ್ನಷ್ಟಕ್ಕೆ ನಿರ್ದೋಷವಾದದ್ದು, ಹಲವು ತೊಡಕುಗಳನ್ನು ಕಳೆದದ್ದು. ಹೊಸದಾಗಿ ಕಟ್ಟಿದ ಕ್ರಮವಿಧಿಗಳ ಹಣೆಯಲ್ಲಿ ಈಗ ಆ ಹೆಸರೇ ಇಲ್ಲ. ಬೆಂಕಿ ಉರಿಯುತ್ತಲೇ ಇದೆ, ಹೊಗೆ ಮಾತ್ರ ನಿಂತಿದೆ. ಮದ್ದು ಕುರುಡಾಯಿತು, ಹಳೆಯ ರೋಗ ಮರಳಿತು. ಕೊನೆಗೆ ಕ್ರಿಪ್ಟ್‌ಸೆಟಪ್ಪಿನ ಪೊಟ್ಟಣವನ್ನು ನೋಡಿಕೊಳ್ಳುವವರು ಆರ್ಗಾನಿನ ಲೈಬ್ರರಿಯನ್ನೇ ಗುರುತಾಗಿ ಹಿಡಿದು ಲಿಬ್‌ಜಿಸಿಸಿಯನ್ನು ಜೊತೆಗೂಡಿಸಬೇಕಾಯಿತು. ಇದೂ ಇನ್ನೊಂದು ಹೊಗೆಯೇ ಎಂದು ನನ್ನ ಅಭಿಪ್ರಾಯ. ಆದರೆ ಮೊದಲಿನದಕ್ಕಿಂತ ಬೆಂಕಿಗೆ ಹತ್ತಿರದ್ದು.

ಎರಡು ಗಂಟು, ಒಂದು ಕಣ್ಣು

ಸಂಸ್ಕಾರಕದೊಳಗಿನ ಕೆಲವು ತಪ್ಪುಗಳನ್ನು ಅದರ ತಯಾರಕರು ಸೂಕ್ಷ್ಮಸಂಕೇತ ಎಂಬ ತಿದ್ದುಪಡಿಯ ಮೂಲಕ ಸರಿಪಡಿಸುತ್ತಾರೆ. ಇದು ಯಂತ್ರ ಎದ್ದ ಕೂಡಲೇ, ಬೇರೆಲ್ಲಕ್ಕಿಂತ ಮುಂಚೆ, ಸಂಸ್ಕಾರಕವನ್ನು ಸೇರಬೇಕು. ಆಗ ಗಂಟಿನ ಒತ್ತನ್ನು ಬಿಡಿಸುವ ಯಂತ್ರಾಂಗ ಕೂಡ ಸಿದ್ಧವಾಗಿರುವುದಿಲ್ಲ. ಆದುದರಿಂದ ೨೦೧೩ರಲ್ಲಿ ಬಂದ ೩.೯ನೆಯ ಕರ್ನೆಲಿನಿಂದ ಹೀಗೊಂದು ಕ್ರಮ ಬಂದಿತು: ಒತ್ತದೆ ಬಿಟ್ಟ ಒಂದು ಪುಟ್ಟ ಸೀಪಿಐಓ ಗಂಟಿನಲ್ಲಿ ಸೂಕ್ಷ್ಮಸಂಕೇತ, ಅದರ ಬೆನ್ನಿಗೇ ಒತ್ತಿ ಕುಗ್ಗಿಸಿದ ದೊಡ್ಡ ಗಂಟು, ಎರಡೂ ಒಂದೇ ಕಡತದಲ್ಲಿ. ಕರ್ನೆಲಿಗೆ ಇದರಲ್ಲಿ ತೊಂದರೆಯಿಲ್ಲ. ಒಂದಾದ ಮೇಲೊಂದು ಎಷ್ಟು ಗಂಟುಗಳಿದ್ದರೂ ಬಿಚ್ಚುತ್ತದೆ. ಆದರೆ ಸಾಮಾನ್ಯವಾದ ಸೀಪಿಐಓ ಆಜ್ಞೆ? ಅದು ಮೊದಲನೆಯ ಟ್ರೈಲರ್ ಚೀಟಿಯನ್ನು ಕಂಡೊಡನೆ ಕೆಲಸ ಮುಗಿಯಿತೆಂದು ನಿಲ್ಲುತ್ತದೆ. ಗಂಟಿನಲ್ಲಿ ಏನಿದೆಯೆಂದು ಪರೀಕ್ಷಿಸ ಹೊರಟವರಿಗೆ ಹತ್ತಾರು ಮೆಗಾಬೈಟುಗಳ ಕಡತದಲ್ಲಿ ನಾಲ್ಕಾರು ಹೆಸರುಗಳು ಮಾತ್ರ ಕಂಡು, ಬುತ್ತಿಯೇ ಖಾಲಿಯೆಂದು ಎದೆ ಧಸಕ್ಕೆಂದಿತು. ಗಂಟನ್ನು ತೋರಿಸುವ ಮತ್ತು ಬಿಚ್ಚುವ ಉಪಕರಣಗಳನ್ನು ತಿದ್ದಬೇಕಾಯಿತು: ೧೧೦ ಅಕ್ಷರಗಳ ಚೀಟಿಗಳನ್ನು ಒಂದೊಂದಾಗಿ ಓದುತ್ತ, ಅಳತೆಗಳನ್ನು ಕೂಡುತ್ತ, ಮೊದಲ ಗಂಟು ಮುಗಿಯುವ ತಾಣವನ್ನು ಕಂಡುಹಿಡಿದು, ನಡುವಿನ ಸೊನ್ನೆಗಳನ್ನು ದಾಟಿ, ಎರಡನೆಯದು ಯಾವ ಬಗೆಯ ಒತ್ತೆಂದು ಮೊದಲ ಕೆಲವು ಬೈಟುಗಳಿಂದ ಗುರುತಿಸುವಂತೆ.

ಒತ್ತಿನ ಬಗೆಗಳು ತಾವೇ ಒಂದು ತಲೆನೋವು. ಕಟ್ಟುವವನು ಹೊಸ ಬಗೆಯಲ್ಲಿ ಒತ್ತಿ, ಬಿಚ್ಚುವ ಕರ್ನೆಲಿಗೆ ಆ ಬಗೆ ಬಾರದಿದ್ದರೆ ಗಂಟು ಬಿಚ್ಚದು. ಝಡ್‌ಎಸ್‌ಟಿಡಿ ಎಂಬ ವೇಗದ ಬಗೆಯನ್ನು ಕರ್ನೆಲ್ ಕಲಿತದ್ದು ೨೦೨೦ರಲ್ಲಿ, ೫.೯ನೆಯ ಆವೃತ್ತಿಯಲ್ಲಿ. ಅದಕ್ಕೆ ಹಿಂದಿನ ಕರ್ನೆಲಿಗೆ ಅಂಥ ಗಂಟನ್ನು ಕೊಟ್ಟರೆ ಬಿಚ್ಚಲಾರದೆ, ಹಳೆಯ ರೂಢಿಯಂತೆ ತಾನೇ ಡಿಸ್ಕನ್ನು ತೆರೆಯಹೋಗಿ, ಮೂಲ ಕಡತವ್ಯವಸ್ಥೆಯನ್ನು ಏರಿಸಲಾಗಲಿಲ್ಲವೆಂದು ಕೂಗಿ ನಿಲ್ಲುತ್ತದೆ. ಈ ಕೂಗನ್ನು ಓದಿದವರು ಡಿಸ್ಕು ಹಾಳಾಯಿತೆಂದು ಭಾವಿಸಿ ಎಲ್ಲವನ್ನೂ ಅಳಿಸಿ ಹೊಸದಾಗಿ ಸ್ಥಾಪಿಸುವುದುಂಟು. ದಯವಿಟ್ಟು ಹಾಗೆ ಮಾಡಬಾರದು. ಬೂಟ್‌ಲೋಡರಿನ ಪಟ್ಟಿಯಲ್ಲಿ ಹಿಂದಿನ ಕರ್ನೆಲೂ ಅದರ ಗಂಟೂ ಸಾಮಾನ್ಯವಾಗಿ ಉಳಿದಿರುತ್ತವೆ. ಅದನ್ನು ಆರಿಸಿ ಒಳಹೊಕ್ಕು ಹೊಸ ಗಂಟನ್ನು ಮತ್ತೆ ಕಟ್ಟಿಸಿದರೆ ಬಹಳ ಸಲ ಕೆಲಸ ತೀರುತ್ತದೆ.

ಗಂಟು ಅರೆಬರೆಯಾಗಿ ಕಟ್ಟಿಹೋಗುವುದಕ್ಕೂ ಒಂದು ಚೋದ್ಯದ ಕಾರಣವಿತ್ತು. ಕಡತಗಳ ಹೆಸರನ್ನು ಹುಡುಕುವವನೊಬ್ಬ, ಅವನ್ನು ಕಟ್ಟುವವನೊಬ್ಬ, ಒತ್ತುವವನೊಬ್ಬ, ಹೀಗೆ ಮೂವರು ಸಾಲಾಗಿ ನಿಂತು ಕೊಳವೆಯ ಮೂಲಕ ಒಬ್ಬರಿಂದೊಬ್ಬರಿಗೆ ಸರಕು ದಾಟಿಸುತ್ತಾರೆ. ಯೂನಿಕ್ಸಿನ ಷೆಲ್ ರೂಢಿಯಲ್ಲಿ ಇಡೀ ಸಾಲಿನ ಜಯಾಪಜಯವನ್ನು ಕಡೆಯವನ ಮಾತಿನಿಂದ ಮಾತ್ರ ನಿರ್ಣಯಿಸುವುದು. ನಡುವಿನವನು ಅರ್ಧದಲ್ಲಿ ಕುಸಿದರೂ, ಕಡೆಯವನು ತನಗೆ ಬಂದಷ್ಟನ್ನು ಅಚ್ಚುಕಟ್ಟಾಗಿ ಒತ್ತಿ ಎಲ್ಲ ಕ್ಷೇಮವೆಂದು ವರದಿ ಒಪ್ಪಿಸುತ್ತಾನೆ. ಡೆಬಿಯನ್ನಿನ ಉಪಕರಣದಲ್ಲಿ ಮೂವರ ವರದಿಯನ್ನೂ ಬೇರೆಯೊಂದು ದಾರಿಯಿಂದ ಹೊರತಂದು ಪರಿಶೀಲಿಸುವ ಕೆಲವು ಸಾಲುಗಳಿದ್ದವು. ಅವನ್ನು ಓದಿ ಅರ್ಥಮಾಡಿಕೊಳ್ಳಲು ನುರಿತವರಿಗೂ ಒಂದು ಗಳಿಗೆ ಬೇಕು. ಯಾರೊಬ್ಬರು ಸೋತರೂ ಸಾಲೇ ಸೋತಂತೆ ಎಂದು ಒಂದೇ ಮಾತಿನಲ್ಲಿ ವಿಧಿಸುವ ಸೌಕರ್ಯವು ಷೆಲ್ಲಿನ ಅಂತಾರಾಷ್ಟ್ರೀಯ ನಿಯಮಾವಳಿಯಾದ ಪೋಸಿಕ್ಸಿನಲ್ಲಿ ಸೇರಿದ್ದು ೨೦೨೪ರಲ್ಲಿ.

ಇಂಥ ದೋಷಗಳನ್ನು ಬೆನ್ನಟ್ಟುವುದರ ಕಷ್ಟ ಬೇರೆ ಬಗೆಯದು. ಗಂಟಿನೊಳಗಿನ ಇನಿಟ್ ಎಂಬ ಕ್ರಮವಿಧಿಯು ಡಿಸ್ಕನ್ನು ತೆರೆದ ಮೇಲೆ, ಸ್ಮೃತಿಯನ್ನು ಉಳಿಸಲು ಗಂಟಿನ ಕಡತಗಳನ್ನೆಲ್ಲ ಅಳಿಸಿಹಾಕಿ, ನಿಜವಾದ ಮೂಲಕ್ಕೆ ಹಾರುತ್ತದೆ. ನಿಂತ ಕೊಂಬೆಯನ್ನೇ ಕಡಿದು ಹಾರುವ ಈ ಕೆಲಸಕ್ಕೆ ನೇಮಕವಾದ ಕ್ರಮವಿಧಿ ಬಹಳ ಶಂಕೆಯಿಂದ ನಡೆಯುತ್ತದೆ: ತಾನು ನಿಂತಿರುವುದು ನಿಜವಾಗಿ ಸ್ಮೃತಿಯ ಕಡತವ್ಯವಸ್ಥೆಯೇ, ಅಲ್ಲಿ ಇನಿಟ್ ಎಂಬ ಕಡತ ಇದೆಯೇ ಎಂದು ವಿಚಾರಿಸಿಕೊಂಡೇ ಅಳಿಸಲು ತೊಡಗುತ್ತದೆ. ಇಲ್ಲವಾದರೆ ಯಾರಾದರೂ ಅರಿಯದೆ ಬೇರೆ ಕಡೆ ಅದನ್ನು ನಡೆಸಿದರೆ ಇಡೀ ಡಿಸ್ಕೇ ಬರಿದಾದೀತು. ಅಳಿಸಿದ ಮೇಲೆ ಸಾಕ್ಷಿಯೂ ಹೋಯಿತಲ್ಲ! ಅದಕ್ಕಾಗಿ ತಿದ್ದುವವರು ಬೂಟ್‌ಲೋಡರಿನಲ್ಲಿ ಬ್ರೇಕ್ ಎಂಬ ಸೂಚನೆಯನ್ನು ಕೊಟ್ಟು ಪ್ರಯಾಣವನ್ನು ನಡುದಾರಿಯಲ್ಲಿಯೇ ನಿಲ್ಲಿಸುತ್ತಾರೆ. ಆಗ ಬಿಸಿಬಾಕ್ಸ್ ಎಂಬ ಪುಟ್ಟ ಷೆಲ್ ತೆರೆದುಕೊಳ್ಳುತ್ತದೆ. ಡ್ರೈವರ್ ಬಂದಿದೆಯೇ, ಡಿಸ್ಕು ಕಾಣುತ್ತಿದೆಯೇ, ಅಥವಾ ಕಾಣಿಸಿಕೊಳ್ಳಲು ಇನ್ನೂ ತಡವೇ ಎಂದು ಅಲ್ಲಿ ನಿಂತು ನೋಡಬಹುದು. ಯು.ಎಸ್.ಬಿ. ಡಿಸ್ಕುಗಳು ಸಾವಕಾಶವಾಗಿ ಏಳುವ ಸ್ವಭಾವದವು. ಡೆಬಿಯನ್ನಿನ ಇನಿಟ್ ಸಾಮಾನ್ಯವಾಗಿ ೩೦ ಸೆಕೆಂಡು ಕಾದು, ಆಮೇಲೆ ಕೈಚೆಲ್ಲುತ್ತದೆ.

ಗಂಟನ್ನು ಹಗುರ ಮಾಡುವ ಆಸೆಯಿಂದ ಈ ಯಂತ್ರಕ್ಕೆ ಬೇಕಾದ ಡ್ರೈವರುಗಳನ್ನಷ್ಟೇ ಹಾಕುವ ಆಯ್ಕೆಯೂ ಉಂಟು. ಅದರ ಫಲ ಡಿಸ್ಕನ್ನು ಕಳಚಿ ಬೇರೆ ಯಂತ್ರಕ್ಕೆ ಜೋಡಿಸಿದ ದಿನ ತಿಳಿಯುತ್ತದೆ. ಕೆಲವು ಮೆಗಾಬೈಟುಗಳ ಉಳಿತಾಯಕ್ಕಾಗಿ ಇಷ್ಟು ಸಾಹಸ ನನಗೆ ರುಚಿಸದು.

ಕುತೂಹಲವುಳ್ಳ ವಿದ್ಯಾರ್ಥಿಗಳು ತಮ್ಮ ಯಂತ್ರಕ್ಕೆ ಯಾವ ಅಪಾಯವೂ ಇಲ್ಲದೆ ಇದನ್ನೆಲ್ಲ ಪ್ರಯೋಗಿಸಬಹುದು. ಕ್ಯೂಎಮು ಎಂಬ ಕ್ರಮವಿಧಿಯು ಯಂತ್ರದೊಳಗೆ ಇನ್ನೊಂದು ಯಂತ್ರವನ್ನು ನಟಿಸಿ ತೋರಿಸುತ್ತದೆ. ಗಂಟು ಕಟ್ಟುವ ಉಪಕರಣಗಳನ್ನು ತಿದ್ದುವವರು ಕೂಡ ತಮ್ಮ ತಿದ್ದುಪಡಿಗಳನ್ನು ಇಂಥದರಲ್ಲಿಯೇ ಮೊದಲು ಓಡಿಸಿ ನೋಡುತ್ತಾರೆ. ನಮಸ್ಕಾರ ಎಂದು ಮುದ್ರಿಸಿ ಮುಗಿಯುವ ನಾಲ್ಕು ಸಾಲಿನ ಸಿ ಕ್ರಮವಿಧಿಯನ್ನು ಬರೆದು, ಬೇರೆ ಲೈಬ್ರರಿಗಳ ಹಂಗಿಲ್ಲದಂತೆ ಸಂಕಲಿಸಿ, ಇನಿಟ್ ಎಂದು ಹೆಸರಿಟ್ಟು, ಅದೊಂದನ್ನೇ ಸೀಪಿಐಓ ಗಂಟಾಗಿ ಕಟ್ಟಿ, ಒಂದು ಕರ್ನೆಲಿನೊಡನೆ ಕ್ಯೂಎಮುವಿಗೆ ಕೊಡಬೇಕು. ತೆರೆಯ ಮೇಲೆ ಕರ್ನೆಲಿನ ನೂರಾರು ಸಾಲುಗಳ ಕೊನೆಗೆ ನಮಸ್ಕಾರವೂ, ಅದರ ಬೆನ್ನಿಗೇ ಕರ್ನೆಲ್ ಪ್ಯಾನಿಕ್ ಎಂಬ ಗಾಬರಿಯ ಕೂಗೂ ಕಾಣುವುದು. ಇನಿಟ್ ಎಂಬುದು ಎಂದಿಗೂ ಮುಗಿಯಕೂಡದ ಕ್ರಮವಿಧಿ; ಅದು ಮುಗಿದರೆ ಕರ್ನೆಲಿಗೆ ಮುಂದೆ ನಡೆಸತಕ್ಕದ್ದು ಏನೂ ಉಳಿಯುವುದಿಲ್ಲ. ಕ್ರಮವಿಧಿಯ ಕೊನೆಗೆ ಮುಗಿಯದ ಒಂದು ನಿದ್ರೆಯ ಸಾಲನ್ನು ಸೇರಿಸಿ ಮತ್ತೆ ಕಟ್ಟಿದರೆ ಗಾಬರಿ ನಿಲ್ಲುತ್ತದೆ.